ಆಯಿಯ ಚೀನೀ ಗಾಲೀಚಾ

ಒದ್ದೆ ಉಣ್ಣೆ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಏಳುತ್ತದೆ. ಅರ್ಧ ಕುರಿಯದು, ಅರ್ಧ ಮಳೆಯದು. ಸಂಭಾಜಿನಗರದ ನನ್ನ ಫ್ಲ್ಯಾಟಿನ ಪಕ್ಕದವರು ಕಂಬಳಿ ಒಣಹಾಕಿದ ದಿನ ನನಗೆ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ. ಅರವತ್ತರ ದಶಕದ ನಾಸಿಕದ ಬಾಡಿಗೆ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಅಲ್ಲಿ ನೆಲದ ತುಂಬ ಹಾಸಿದ್ದ ಚೀನೀ ಗಾಲೀಚಾ, ಅದರ ಅಂಚಿಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕುಳಿತ ಆಯಿ, ನನ್ನ ಅಪ್ಪನ ತಾಯಿ. ನಿಮ್ಮ ಮನೆಯಲ್ಲೂ ಇಂಥ ಹಟಮಾರಿ ಮುದುಕಿಯೊಬ್ಬಳು ಇದ್ದಿರಬೇಕು.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಆಕೆಯನ್ನು ಬೀದರ ಕಡೆಯ ಹಳ್ಳಿಯಿಂದ ಕರೆತಂದಿದ್ದ. ಬಂದದ್ದು ಒಂದು ತಿಂಗಳಿಗೆ, ಅದೂ ಒಲ್ಲದ ಮನಸ್ಸಿನಿಂದ. ಟ್ರಂಕು ಬಿಚ್ಚಲೇ ಇಲ್ಲ. "ಮನ್ಮಾಡಕ್ಕ ಹೋಗೋ ಗಾಡಿ ಎಷ್ಟಕ್ಕದ?" ಎಂದು ದಿನಾ ಸಂಜೆ ಕೇಳುವಳು; ಆಕೆಯ ಊರ ಕಡೆಯ ಗಾಡಿ ಹಿಡಿಯಬೇಕಾದದ್ದು ಮನ್ಮಾಡದಲ್ಲೇ. ಈ ಊರಿನ ನೆಲದ ಮೇಲೆ ಲಿಂಗಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲವೆಂಬುದು ಆಕೆಯ ತಕರಾರು. ನನಗೋ ಆಕೆಯ ಮಗ್ಗುಲಲ್ಲಿ ಮಲಗುವ ರುಚಿ ಹತ್ತಿಬಿಟ್ಟಿತ್ತು. ಹೋಗಬೇಡ ಎಂದು ಸೆರಗು ಹಿಡಿದು ಅಳುತ್ತಿದ್ದೆ.

ಅಪ್ಪ ಕೆಲಸಕ್ಕಿದ್ದ ಅಂಗಡಿಯ ಪಾರ್ಸಿ ಮಾಲೀಕರು ಆಗಲೇ ಬಂಗಲೆ ಬಿಟ್ಟು ಸಣ್ಣ ಮನೆಗೆ ಹೋದರು. ಅಲ್ಲಿ ಹಿಡಿಸದ ಗಾಲೀಚಾ ನಮ್ಮಲ್ಲಿಗೆ ಬಂತು. ಅವರ ಹಿರಿಯರು ಚೀನಾದ ವ್ಯಾಪಾರದಲ್ಲಿ ತಂದದ್ದಂತೆ. ಮಾಗಿದ ನೀಲಿ ಬಣ್ಣ, ನಡುವೆ ಕೆನೆಬಣ್ಣದ ದುಂಡು ಗುರುತು, ಸುತ್ತ ರೆಕ್ಕೆಯೋ ಎಲೆಯೋ ತಿಳಿಯದ ಐದು ಆಕೃತಿಗಳು. ಅವ್ವ ಹಾಸಿ ಇನ್ನೇನು ಕಾಲಿಡಬೇಕು, ಆಯಿ ಕೂಗಿದಳು: "ಏ, ತುಳಿಬ್ಯಾಡ್ರಿ! ನಡುವ ಲಿಂಗ ಅದ, ಸುತ್ತ ಪತ್ರಿ ಅವ, ಕಾಣಂಗಿಲ್ಲೇನು?"

ಅಂದಿನಿಂದ ನಾವು ಗೋಡೆಗುಂಟ ನಡೆದೆವು. ಬಂದ ಅತಿಥಿಗಳು ಹೊಸ್ತಿಲ ಬಳಿಯೇ ಚಹಾ ಕುಡಿದು ಹೋದರು. ಆಯಿ ಮಾತ್ರ ಬೆಳಿಗ್ಗೆ ಅದರ ಅಂಚಿನ ಉಣ್ಣೆಯ ಮೇಲೆ ಪೂಜೆಗೆ ಕುಳಿತರೆ ಏಳುತ್ತಲೇ ಇರಲಿಲ್ಲ. ಟ್ರಂಕಿನ ಸೀರೆಗಳು ಗೂಟಕ್ಕೆ ಬಂದವು, ಗಾಡಿಯ ಸುದ್ದಿ ನಿಂತಿತು.

ಕೆಲವು ವರ್ಷ ಕಳೆದ ಮೇಲೆ ಮಾಲೀಕರ ಹೆಂಡತಿ ಒಮ್ಮೆ ನಮ್ಮ ಮನೆಗೆ ಬಂದರು. ಗಾಲೀಚಾ ಕಂಡು ಅವರ ಕಣ್ಣು ತುಂಬಿದವು. ದುಂಡಗಿನದು ದೀರ್ಘಾಯುಷ್ಯದ ಗುರುತು, ಸುತ್ತ ಇರುವವು ಬಾವಲಿಗಳು ಎಂದು ಹಿಂದಿಯಲ್ಲಿ ವಿವರಿಸಿದರು. ಚೀನಾದವರಿಗೆ ಬಾವಲಿ ಶುಭವಂತೆ; ಐದು ಬಾವಲಿಯೆಂದರೆ ಐದು ಭಾಗ್ಯ: ಆಯುಸ್ಸು, ಸಿರಿ, ಆರೋಗ್ಯ, ಸದ್ಗುಣ, ಕೊನೆಗೆ ಸುಖದ ಸಾವು. ಅವರ ಮಾತು ತಡೆಯಲು ಅಪ್ಪ ಸುಮ್ಮಸುಮ್ಮನೆ ಕೆಮ್ಮಿದ. ಏನು ಪ್ರಯೋಜನ? ಬೀದರದ ಆಯಿಗೆ ಹಿಂದಿ ಅಪ್ಪನಿಗಿಂತ ಚೆನ್ನಾಗಿ ಬರುತ್ತಿತ್ತು. ಬಾವಲಿ ಹೊಕ್ಕ ಮನೆ ಹಾಳು ಎಂದು ನಂಬಿದವಳು ಆಕೆ. ಇನ್ನು ಟ್ರಂಕು ತುಂಬುವುದೊಂದೇ ಬಾಕಿ ಎಂದುಕೊಂಡೆ.

ಆಯಿ ಬಹಳ ಹೊತ್ತು ಆ ಆಕೃತಿಗಳನ್ನೇ ನೋಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು: "ಇಷ್ಟ ವರ್ಷ ಪತ್ರಿ ಅಂತ ಕೈ ಮುಗದೀನಿ. ಈಗ ಬಾವಲಿ ಹ್ಯಾಂಗ ಆಗ್ತಾವೋ ತಮ್ಮಾ? ಆ ಐದನೇ ಭಾಗ್ಯ ಅಷ್ಟ ನನಗಿರ್ಲಿ."

ಅದು ಆಕೆಗೆ ಸಿಕ್ಕಿತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಗೋಡೆಗೊರಗಿ ಕಣ್ಣು ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ನಾಸಿಕದ ಮಣ್ಣಿನಲ್ಲೇ ಆಕೆಯನ್ನು ನಮ್ಮ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿ ಬಂದರು. ಆಮೇಲೆ ಅಪ್ಪನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು, ಗಾಲೀಚಾ ಹುಳ ತಿಂದು ಹೋಯಿತು, ಅಪ್ಪ ಅವ್ವ ಕೂಡ ಹೋದರು. ಹೋಗಬೇಡ ಎಂದು ಆಕೆಯನ್ನು ತಡೆದ ನಾವೆಲ್ಲ ಆ ಊರು ಬಿಟ್ಟೆವು. ತಿಂಗಳಿಗೆಂದು ಬಂದ ಆಯಿಯೊಬ್ಬಳೇ ಅಲ್ಲಿ ಉಳಿದಳು.