ಕುರಿಗಳು ಯಾರ ಪಾಲಿಗೆ ಹೋದವು?

ನಾನು ಮಧುಗಿರಿಯಲ್ಲಿ ಪಿಯುಸಿ ಓದುತ್ತಿದ್ದ ವರ್ಷ ಸೋವಿಯತ್ ಒಕ್ಕೂಟ ಒಡೆದುಹೋಯಿತು. ಅದರಿಂದ ನಮ್ಮ ಮನೆಗಾದ ನಷ್ಟವೆಂದರೆ, ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕಲು ಒಳ್ಳೆಯ ಕಾಗದ ಸಿಗದಂತಾದದ್ದು. ಆ ದೇಶದಿಂದ ಬರುತ್ತಿದ್ದ ಬಣ್ಣದ ಪತ್ರಿಕೆಗಳ ಹಾಳೆ ಗಟ್ಟಿಯಾಗಿರುತ್ತಿತ್ತು, ನುಣ್ಣಗಿರುತ್ತಿತ್ತು. ಸಿರಾದ ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡು ತರುತ್ತಿದ್ದೆವು.

ಹುಲಿಕುಂಟೆಗೆ ಹತ್ತಿರದ ಒಂದು ಹಟ್ಟಿ ನಮ್ಮದು. ಅಪ್ಪ, ಚಿಕ್ಕಪ್ಪಂದಿರು ಎಲ್ಲರೂ ಕುರಿ ಕಾಯುವವರು. ನನ್ನ ಸಮಾಜ ಪರಿಚಯದ ಪುಸ್ತಕಕ್ಕೆ ಹಾಕಿದ್ದ ಹೊದಿಕೆಯ ಮೇಲೆ ಹಿಮದ ಬೆಟ್ಟದ ಚಿತ್ರವಿತ್ತು. ಬೆಟ್ಟದ ಕೆಳಗೆ ಕುದುರೆ ಏರಿದ ಕುರಿಗಾಹಿ, ಅವನ ಮುಂದೆ ಕಣ್ಣು ಹಾಯುವಷ್ಟು ದೂರ ಕುರಿ. ಈ ಕುರಿಗಳು ಎಲ್ಲರ ಸೊತ್ತು ಎಂದು ಕೆಳಗೆ ಕನ್ನಡದಲ್ಲಿ ಬರೆದಿತ್ತು. ಅದನ್ನು ಓದಿ ಹೇಳಿದಾಗ ಅಪ್ಪ ಪುಸ್ತಕ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಎಲ್ಲಾರ್ದೂ ಅಂದ್ರೆ ಯಾರ್ದು? ಕಿವಿ ಗುರುತೇ ಕಾಣಾಕಿಲ್ವಲ್ಲ" ಎಂದರು.

ಹೀಗಾಗಿ ಸಮಾಜಶಾಸ್ತ್ರದ ಮೇಷ್ಟ್ರು ತರಗತಿಗೆ ಬಂದು ಆ ದೊಡ್ಡ ದೇಶ ಇನ್ನಿಲ್ಲ, ಹಲವು ದೇಶಗಳಾಗಿ ಒಡೆದಿದೆ, ಸಾಮೂಹಿಕ ಬೇಸಾಯವೂ ಮುಗಿಯಬಹುದು ಎಂದು ವಿವರಿಸಿದಾಗ ನನಗೆ ಮೊದಲು ಹೊಳೆದದ್ದು ಆ ಚಿತ್ರ. ಎದ್ದು ನಿಂತು ಕೇಳಿಯೇಬಿಟ್ಟೆ: "ಸಾರ್, ಅಂಗಾದ್ರೆ ಆ ಕುರಿ ಎಲ್ಲಾ ಯಾರ್ ಪಾಲಿಗೋದ್ವು?"

ಇಡೀ ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಂಗೊತ್ತಿಲ್ಲ ಕಣಮ್ಮ. ನಮ್ಮ ದೇಶದಲ್ಲಿ ಯಾರಾದ್ರೂ ಹೋಗಿ ಕೇಳಿದಾರೋ ಇಲ್ವೋ, ಅದೂ ಗೊತ್ತಿಲ್ಲ" ಎಂದರು.

ಯಾರಾದರೂ ಹೋಗಿ ಕೇಳಿದ್ದಾರೋ ಇಲ್ಲವೋ ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು. ಅದೇ ಕಾಲೇಜಿನಲ್ಲಿ ಬಿಎ ಮುಗಿಸಿ, ಮೈಸೂರಿನಲ್ಲಿ ಎಂಎ ಮಾಡುತ್ತಾ ಸಂಜೆಯ ರಷ್ಯನ್ ತರಗತಿಗೆ ಸೇರಿದೆ. ಹೊಸ ಭಾಷೆಯೆಂದರೆ ನನಗೆ ಅಂಜಿಕೆಯಿರಲಿಲ್ಲ. ಮನೆಯಲ್ಲಿ ಕನ್ನಡ, ಪಾವಗಡದ ಕಡೆಯಿಂದ ಬಂದ ಅಜ್ಜಿಗೆ ಸಿಟ್ಟು ಬಂದರೆ ತೆಲುಗು, ಸಂತೆಯಲ್ಲಿ ಕುರಿ ವ್ಯಾಪಾರಿಗಳ ಉರ್ದು. ಇದೂ ಇನ್ನೊಂದು ಎಂದುಕೊಂಡೆ.

ಪಿಎಚ್‌ಡಿಗೆ ದೆಹಲಿಯಲ್ಲಿ ಸಂದರ್ಶನವಿತ್ತು. ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಕಿರ್ಗಿಸ್ತಾನದ ಕುರಿಗಾಹಿಗಳ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಅರ್ಜಿಯಲ್ಲಿ ಬರೆದಿದ್ದೆ. ಮೇಜಿನ ಆಚೆ ಮೂವರು. ನಡುವೆ ಕುಳಿತಿದ್ದ ಹಿರಿಯ ಪ್ರಾಧ್ಯಾಪಕರು ನನ್ನ ಅರ್ಜಿಯನ್ನು ಎರಡು ಸಲ ಓದಿ, ಬಹಳ ಮೃದುವಾಗಿ ಕೇಳಿದರು: "ನೀವು ಕುರಿಗಾಹಿ ಸಮುದಾಯದವರು. ನಿಮ್ಮವರ ಬಗ್ಗೆಯೇ ಕೆಲಸ ಮಾಡಬಹುದಲ್ಲ? ಮಧ್ಯ ಏಷ್ಯಾದ ಉಸಾಬರಿ ಯಾಕೆ? ನಿಮ್ಮವರ ಬದುಕೇ ನಿಮಗೆ ಸಹಜವಾಗಿ ಒಲಿಯುವ ವಿಷಯ."

"ಸರ್, ನಮ್ಮ ಹಟ್ಟಿಗೆ ಬಂದು ನಮ್ಮನ್ನು ಅಧ್ಯಯನ ಮಾಡಿ ಹೋದವರೆಲ್ಲ ಹೊರಗಿನವರೇ" ಎಂದೆ. "ನಾವು ಅವರಿಗೆ ಸಹಜವಾದ ವಿಷಯವಾಗಿದ್ದೆವೆ? ಅವರು ನಮ್ಮಲ್ಲಿಗೆ ಬರಬಹುದಾದರೆ ನಾನೂ ಇನ್ನೊಬ್ಬರ ಊರಿಗೆ ಹೋಗಬಹುದು."

ಬಲಗಡೆ ಕುಳಿತಿದ್ದ ಮಹಿಳೆ ಪೆನ್ನು ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. ಹಿರಿಯರು ನಗಲಿಲ್ಲ. ಆದರೆ ನನ್ನನ್ನು ಆಯ್ಕೆ ಮಾಡಿದರು, ಮಾತ್ರವಲ್ಲ, ನನ್ನ ಮಾರ್ಗದರ್ಶಕರೂ ಅವರೇ ಆದರು.

ಕಿರ್ಗಿಸ್ತಾನಕ್ಕೆ ಹೊರಡುವ ಮುಂಚೆ ಊರಿಗೆ ಬಂದೆ. ಅಮ್ಮ ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲೂ ಕುರಿ ಅವಾ?"

"ಅವೆ ಅಪ್ಪಾ."

"ಅಂಗಾದ್ರೆ ಜನಾನೂ ಇರ್ತಾರೆ ಬುಡು. ಹೋಗ್ಬಾ."

ಕಿರ್ಗಿಸ್ತಾನದ ಬೆಟ್ಟದ ತಪ್ಪಲಿನ ಒಂದು ಹಳ್ಳಿಗೆ ನಾನು ಹೋದಾಗ ಬೇಸಿಗೆ ಮುಗಿದು ಮರಗಳೆಲ್ಲ ಹಳದಿಯಾಗಿದ್ದವು. ರಷ್ಯನ್ ಭಾಷೆಯ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಕೋಣೆ ಸಿಕ್ಕಿತು. ಕಿರ್ಗಿಜ್ ಭಾಷೆ ನನಗೆ ಅರ್ಧಂಬರ್ಧ ಬರುತ್ತಿದ್ದುದರಿಂದ ಅವರೇ ನನ್ನ ದುಭಾಷಿ. ಯುರೋಪಿನ ತಂಡವೊಂದು ಹಲವು ಹಳೆಯ ಸೋವಿಯತ್ ದೇಶಗಳಲ್ಲಿ ನಡೆಸುತ್ತಿದ್ದ ದೊಡ್ಡ ಸಮೀಕ್ಷೆಯ ಪ್ರಶ್ನೆಗಳು ನನ್ನ ಕೈಯಲ್ಲಿದ್ದವು. ಆ ತಂಡದ ಕೆಲಸ ಮಾಡುತ್ತಲೇ ನನ್ನ ಸಂಶೋಧನೆಯನ್ನೂ ಮಾಡಿಕೊಳ್ಳಬೇಕಿತ್ತು.

ಆ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಒಂದು ಏಣಿಯ ಚಿತ್ರ. ಮೇಲಿನ ಮೆಟ್ಟಿಲಲ್ಲಿ ಎಲ್ಲರಿಗಿಂತ ಸಿರಿವಂತರು, ತಳದಲ್ಲಿ ಎಲ್ಲರಿಗಿಂತ ಬಡವರು. ನೀವು ಎಲ್ಲಿದ್ದೀರಿ, ಬೆರಳಿಟ್ಟು ತೋರಿಸಿ ಎಂದು ಕೇಳಬೇಕು. ಸೋರುವ ಮಾಡಿನ ಕೆಳಗಿದ್ದ ಮುದುಕಿ ನಡುವಿನ ಮೆಟ್ಟಿಲ ಮೇಲೆ ಬೆರಳಿಟ್ಟಳು. ಹಿಟ್ಟಿನ ಗಿರಣಿಯೂ ಲಾರಿಯೂ ಇದ್ದವನು ಅದೇ ಮೆಟ್ಟಿಲ ಮೇಲೆ ಬೆರಳಿಟ್ಟ. ಊರಿಗೆ ಊರೇ ಆ ಒಂದು ಮೆಟ್ಟಿಲ ಮೇಲೆ ಒತ್ತಿಕೊಂಡು ನಿಂತಂತಿತ್ತು. ಬಡವರಿಗೂ ಬಲ್ಲಿದರಿಗೂ ಅಂತರ ಹೆಚ್ಚಾಗಿದೆಯೆ ಎಂದು ಕೇಳಿದರೆ, "ಕುದಾಯ್‌ಗ ಶುಗುರ್" ಎಂದು ಚಹಾ ಮುಂದಿಡುತ್ತಿದ್ದರು. ದೇವರ ದಯೆ ಎಂದು ಅರ್ಥ. ನನಗೆ ದುಭಾಷಿಯೇ ಬೇಕಾಗಲಿಲ್ಲ. ನಮ್ಮ ಸಂತೆಯ ವ್ಯಾಪಾರಿಗಳು ಲಾಭವಾದರೂ ನಷ್ಟವಾದರೂ "ಖುದಾ ಕಾ ಶುಕರ್" ಎನ್ನುತ್ತಿದ್ದುದನ್ನು ಕೇಳಿ ಬೆಳೆದವಳು ನಾನು. ಮಾತಿನ ಬಾಗಿಲನ್ನು ಸದ್ದಾಗದಂತೆ ಮುಚ್ಚುವ ರೀತಿ ಅದು.

ಮಾರ್ಗದರ್ಶಕರಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಆ ಜನಕ್ಕೆ ಸ್ವಂತ ಅಭಿಪ್ರಾಯವಿಲ್ಲ. ತಲೆಮಾರುಗಟ್ಟಲೆ ಅವರ ಪರವಾಗಿ ಬೇರೆಯವರು ಯೋಚಿಸಿದ್ದಾರೆ. ಹಾಗೇ ಬರೆದುಬಿಡಿ" ಎಂದರು.

ನನಗೆ ಉರಿದುಹೋಯಿತು. ನಮ್ಮ ಹಟ್ಟಿಗೆ ಬಂದು ಹೋದವರೊಬ್ಬರು ನಮ್ಮ ಹೆಂಗಸರನ್ನು ಮಿತಭಾಷಿಗಳೆಂದು ಬರೆದಿದ್ದರು. ಮೂರು ಹೊಲದಾಚೆಯಿಂದ ಕೂಗಿ ನಾಯಿಯನ್ನು ಹಿಂದಕ್ಕೆ ಕರೆಯುತ್ತಿದ್ದ ನನ್ನ ಅಮ್ಮ ಮಿತಭಾಷಿ! "ಬರೆಯುವುದಿಲ್ಲ ಸರ್" ಎಂದೆ. "ಅವರಿಗೆ ಅಭಿಪ್ರಾಯವಿದೆ. ನಾವು ಕೇಳುತ್ತಿರುವುದು ಸರಿಯಿಲ್ಲ."

"ಹಾಗಾದರೆ ಸರಿಯಾದದ್ದನ್ನು ಕೇಳಿ ತೋರಿಸಿ" ಎಂದು ಅವರು ಫೋನ್ ಇಟ್ಟರು.

ಆ ಹಳ್ಳಿಯಲ್ಲಿ ಬೆಳಿಗ್ಗೆ ಎಲ್ಲ ಮನೆಗಳ ಕುರಿಯನ್ನೂ ಒಟ್ಟು ಮಾಡಿ ಬೆಟ್ಟಕ್ಕೆ ಅಟ್ಟಿಕೊಂಡು ಹೋಗುತ್ತಾರೆ. ಸಂಜೆ ಹಿಂಡು ಬೀದಿಗೆ ಇಳಿದಾಗ ಎಲ್ಲರೂ ಗೇಟಿನಲ್ಲಿ ನಿಂತು ತಮ್ಮ ತಮ್ಮವನ್ನು ಒಳಗೆ ಸೇರಿಸಿಕೊಳ್ಳುತ್ತಾರೆ. ಒಂದು ಸಂಜೆ ಏನೂ ತೋಚದೆ ನಾನೂ ಶಿಕ್ಷಕಿಯ ಜೊತೆ ಬೀದಿಯಲ್ಲಿ ನಿಂತಿದ್ದೆ. ಸೋರುವ ಮಾಡಿನ ಆ ಮುದುಕಿಯ ಒಂದು ಕುರಿ ಪಕ್ಕದ ಗೇಟಿಗೆ ನುಗ್ಗಿತು. "ಅಜ್ಜೀ, ಅದು ನಿಮ್ಮದು" ಎಂದು ಬಾಯಿಂದ ಬಂದುಬಿಟ್ಟಿತು.

"ನಿನಗೆ ಹೇಗೆ ಗೊತ್ತು?"

"ಎಡಗಿವಿಯ ತುದಿ ಕತ್ತರಿಸಿದೆಯಲ್ಲ. ನಿಮ್ಮವೆಲ್ಲ ಹಾಗೇ ಇವೆ. ನಮ್ಮ ಮನೆಯಲ್ಲೂ ಕುರಿಯ ಕಿವಿಗೆ ಗುರುತು ಮಾಡುತ್ತೇವೆ."

ಮುದುಕಿ ನನ್ನನ್ನು ಮೊದಲ ಬಾರಿಗೆ ನೋಡುವವಳಂತೆ ನೋಡಿದಳು. "ನಿಮ್ಮ ಮನೆಯಲ್ಲಿ ಕುರಿ ಇವೆಯೆ!" ನಾನು ಹೂಂಗುಟ್ಟಿ, ಊರಿನಲ್ಲಿ ಯಾರನ್ನಾದರೂ ಕೇಳುವ ಹಾಗೆಯೇ ಕೇಳಿದೆ: "ನಾಳೆ ಕಾಯುವ ಸರದಿ ಯಾರದು?"

ನಾಳೆ ಅವಳ ಮಗನದು. ಮನೆಗೊಂದು ದಿನದಂತೆ ಸರದಿ ಸುತ್ತುತ್ತದೆ. ಅವಳಿಗೆ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಕುರಿ, ಗಿರಣಿಯವನಿಗೆ ಹಿಂಡಿನ ಅರ್ಧ. ಅವನಿಗೂ ಒಂದೇ ದಿನ, ಇವಳಿಗೂ ಒಂದೇ ದಿನ.

"ಅದು ನ್ಯಾಯವೆ?" ಎಂದೆ.

ಕಟ್ಟೆ ಒಡೆದದ್ದು ಆಗ. "ನ್ಯಾಯವೆ? ಕೇಳು ಇವಳ ಮಾತು! ಅವನ ಕುರಿ ಕಾಯಲು ನನ್ನ ಮಗ ಬೆಟ್ಟ ಹತ್ತಬೇಕು!" ಎಂದು ಮುದುಕಿ ದನಿ ಏರಿಸಿದಳು. ಗಿರಣಿಯವನ ಹೆಂಡತಿ ತನ್ನ ಗೇಟಿನಿಂದಲೇ, "ದಿನ ಮನೆಗೆ, ಕುರಿಗಲ್ಲ! ಮೊದಲಿನಿಂದಲೂ ಹಾಗೇ ಇದೆ" ಎಂದಳು. ಎದುರು ಮನೆಯವನು ಹೊರಗೆ ಬಂದ. ಇನ್ನೊಬ್ಬ ಬಂದ. ನನ್ನ ದುಭಾಷಿ ಶಿಕ್ಷಕಿ ನನಗೆ ಅನುವಾದ ಮಾಡುವುದನ್ನು ಬಿಟ್ಟು ತಾನೇ ಜಗಳಕ್ಕಿಳಿದರು. ಅವರ ತೋಳು ಹಿಡಿದು ಎಳೆದು, "ಏನು ಹೇಳಿದರು? ಏನು ಹೇಳಿದರು?" ಎಂದು ಕೇಳುವುದೇ ನನ್ನ ಕೆಲಸವಾಯಿತು.

ಜಗಳ ಸರದಿಯಿಂದ ಹಿಂದಕ್ಕೆ ಹೋಯಿತು. ಸಾಮೂಹಿಕ ಫಾರಂ ಮುಚ್ಚಿದಾಗ ಕುರಿಗಳನ್ನು ಹೇಗೆ ಹಂಚಿದರು ಎಂಬುದು ಹೊರಬಂತು. ಫಾರಂ ಅಧ್ಯಕ್ಷನ ನೆಂಟರಿಗೆ ಎಳೆಯ ಹೆಣ್ಣು ಕುರಿಗಳು, ಉಳಿದವರಿಗೆ ಮುದಿ ಟಗರು. ಮುದಿ ಟಗರು ಮರಿ ಹಾಕುತ್ತದೆಯೆ? ಗಿರಣಿಯವನೂ ಸುಮ್ಮನಿರಲಿಲ್ಲ. ತನ್ನ ಪಾಲಿಗೂ ಮುದಿ ಟಗರೇ ಬಂದಿತ್ತು, ಅದನ್ನು ಮಾರಿ, ನಗರದ ಬಜಾರಿನಲ್ಲಿ ಮೂಟೆ ಹೊತ್ತು ಹೆಣ್ಣು ಕುರಿ ಕೊಂಡೆ ಎಂದ. ಅದೂ ನಿಜವೆಂದು ಮುದುಕಿಯೇ ಒಪ್ಪಿಕೊಂಡಳು.

ಮಧುಗಿರಿಯ ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಬೀದಿಗೆ ಬೀದಿಯೇ ನಿಂತು ಉತ್ತರ ಹೇಳುತ್ತಿತ್ತು. ಮರುದಿನದಿಂದ ನಾನು ಏಣಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಮನೆಮನೆಗೆ ಹೋಗಿ ಸರದಿಯ ಬಗ್ಗೆ ಕೇಳಿದೆ. ಒಬ್ಬರಾದರೂ ದೇವರ ದಯೆ ಎಂದು ಚಹಾ ಮುಂದಿಟ್ಟು ಸುಮ್ಮನಾಗಲಿಲ್ಲ. ಚಹಾ ಆರಿಹೋಗುವ ತನಕ ಮಾತಾಡಿದರು.

ಚಳಿಗಾಲ ಕಳೆದ ಮೇಲೆ ರಾಜಧಾನಿ ಬಿಷ್ಕೆಕ್ ನಗರದಲ್ಲಿ ಸಮೀಕ್ಷೆಯ ತಂಡಗಳೆಲ್ಲ ಸೇರಿದವು. ಕುರಿ ಕಾಯುವ ಸರದಿಯ ಪ್ರಶ್ನೆಯನ್ನು ಸಮೀಕ್ಷೆಗೆ ಸೇರಿಸಬೇಕೆಂದು ಕೇಳಿಕೊಂಡೆ. ತಂಡದ ಮುಖ್ಯಸ್ಥೆ, ನೆಟ್ಟಗೆ ಕೂರುವ ಎತ್ತರದ ಹೆಂಗಸು, ಎಲ್ಲವನ್ನೂ ಕೇಳಿಸಿಕೊಂಡು, "ಚೆನ್ನಾಗಿದೆ. ಆದರೆ ಕುರಿ ಇಲ್ಲದ ಊರಿನಲ್ಲಿ ಏನು ಕೇಳುತ್ತೀರಿ? ನಾವು ಪ್ರಶ್ನೆ ಕೇಳುವವರಲ್ಲಿ ಅರ್ಧ ಜನ ನಗರದವರು" ಎಂದರು.

ನಾನು ಅದಕ್ಕೆ ಸಿದ್ಧವಾಗಿಯೇ ಬಂದಿದ್ದೆ. ನಗರದಲ್ಲಿ ನಾನಿದ್ದ ಹಳೆಯ ಸೋವಿಯತ್ ಕಾಲದ ಕಟ್ಟಡದ ಲಿಫ್ಟು ಕೆಟ್ಟು ನಿಂತಿತ್ತು. "ಲಿಫ್ಟಿನ ರಿಪೇರಿಗೆ ನೆಲಮಹಡಿಯವರೂ ದುಡ್ಡು ಕೊಡಬೇಕೆ ಎಂದು ಕೇಳುತ್ತೇನೆ" ಎಂದೆ.

ಮುಖ್ಯಸ್ಥೆ ಬಾಯಿ ತೆರೆಯುವ ಮೊದಲೇ ಕಜಕ್ ಸಹೋದ್ಯೋಗಿ, "ಕೊಡಲೇಬೇಕು, ಕಟ್ಟಡ ಎಲ್ಲರದು" ಎಂದ. ಜಾರ್ಜಿಯಾದವಳು, "ಯಾಕೆ ಕೊಡಬೇಕು? ನನ್ನ ಅಮ್ಮ ನೆಲಮಹಡಿಯಲ್ಲಿದ್ದಾಳೆ, ಲಿಫ್ಟಿನ ಬಾಗಿಲನ್ನೇ ಮುಟ್ಟಿಲ್ಲ" ಎಂದಳು. ಮೊಲ್ಡೊವಾದವರು ನಡುವೆ ಬಾಯಿ ಹಾಕಿದರು. ವಾದ ರಷ್ಯನ್‌ನಲ್ಲಿ ಏರುತ್ತಾ ಹೋಗಿ ಬಿಡುವಿನ ಸಮಯವನ್ನೂ ನುಂಗಿತು. ಮುಖ್ಯಸ್ಥೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಕೊನೆಗೆ ಕೈಯೆತ್ತಿ ಶರಣಾದಂತೆ ನಕ್ಕರು. "ಸಾಕು, ಸಾಕು. ಪ್ರಶ್ನೆ ಸೇರಿಸಿ. ಏಣಿ ತೆಗೆಯಿರಿ."

ಆ ಮಧ್ಯಾಹ್ನ ನಾನು ಒಬ್ಬಳೇ ಬೀದಿಯಲ್ಲಿ ನಡೆಯುತ್ತಾ ಜೋರಾಗಿ ಕನ್ನಡದಲ್ಲಿ ಮಾತಾಡಿಕೊಂಡೆ. ಮಾರ್ಗದರ್ಶಕರಿಗೆ ಸುದ್ದಿ ತಿಳಿಸಿದಾಗ, "ಗೆದ್ದಿರಿ. ಆ ಜನಕ್ಕೆ ಅಭಿಪ್ರಾಯವಿಲ್ಲ ಎಂದು ಬರೆದ ನನ್ನ ಹಳೆಯ ಲೇಖನವೊಂದನ್ನು ತಿದ್ದಬೇಕಾಗಿದೆ, ನೀವೇ ಸಹಾಯ ಮಾಡಬೇಕು" ಎಂದರು. ಅವರ ದೊಡ್ಡತನ ಅಂದು ಅರ್ಥವಾಯಿತು.

ಆಮೇಲಿನದು ದುಡಿಮೆಯ ಕಥೆ. ಕಜಕಸ್ತಾನ, ಜಾರ್ಜಿಯಾ, ಮೊಲ್ಡೊವಾ ಎಂದು ಊರಿಂದೂರಿಗೆ ಹೋದೆ. ಪುಸ್ತಕಗಳನ್ನು ಬರೆದೆ. ಪ್ರಾಧ್ಯಾಪಕಿಯಾದೆ. ನನಗಿಂತ ಹೆಚ್ಚು ಓದಿಕೊಂಡವರು ನನ್ನ ಬಗೆಯ ಪ್ರಶ್ನೆಗಳನ್ನು ತಮ್ಮ ಊರುಗಳಲ್ಲಿ ಕೇಳಿ, ಬಂದ ಉತ್ತರ ಕಳಿಸಿದರು. ಜನಕ್ಕೆ ಅಭಿಪ್ರಾಯವಿಲ್ಲ ಎಂಬ ವಾಕ್ಯವನ್ನು ನನ್ನ ಎದುರಿಗೆ ಈಗ ಯಾರೂ ಆಡುವುದಿಲ್ಲ.

ಹೋದ ವರ್ಷ ಮಧುಗಿರಿಯ ಕಾಲೇಜಿನವರು ಸನ್ಮಾನ ಮಾಡುತ್ತೇವೆ, ಒಂದು ಉಪನ್ಯಾಸ ಕೊಡಿ ಎಂದು ಕರೆದರು. ಕನ್ನಡದಲ್ಲೇ ಮಾತಾಡುತ್ತೇನೆ, ಊರವರನ್ನೂ ಕರೆಯಿರಿ ಎಂದೆ. ಸಭಾಂಗಣ ತುಂಬಿತ್ತು. ಅಪ್ಪ ಅಮ್ಮ ಹಟ್ಟಿಯ ಜನರ ಜೊತೆ ಟೆಂಪೋದಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕೊರಟಗೆರೆ, ಪಾವಗಡ, ಚನ್ನರಾಯನದುರ್ಗದಿಂದಲೂ ಶಿಕ್ಷಕರು, ರೈತರು, ಪೋಷಕರು ಬಂದಿದ್ದರು.

ಬರೆದು ತಂದಿದ್ದ ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದೆ: "ನಿಮ್ಮೂರಿಗೆ ನೀರಿನ ಟ್ಯಾಂಕರ್ ಬಂದಾಗ ಮನೆಗೆ ಇಷ್ಟು ಬಿಂದಿಗೆ ಅಂತ ಕೊಡಬೇಕೋ, ತಲೆಗೆ ಇಷ್ಟು ಅಂತ ಕೊಡಬೇಕೋ?"

ಪಾವಗಡದ ಹೆಂಗಸೊಬ್ಬಳು ತಟ್ಟನೆ ಎದ್ದು ಇದೆಂಥ ನ್ಯಾಯ ಎಂದು ತೆಲುಗು ಬೆರೆಸಿ ಕೇಳಿದಳು. "ಇದೇಮಿ ನ್ಯಾಯಮು ಮೇಡಂ? ಮಾ ಇಂಟ್ಲೋ ಎಂಟು ಜನ, ಪಕ್ಕದ್ಮನೇಲಿ ಇಬ್ರು. ನಮ್ಗೂ ಅಷ್ಟೇ ಬಿಂದಿಗೆ, ಅವ್ರಿಗೂ ಅಷ್ಟೇ!"

"ಅಂಗಂದ್ರೆ ಹೆಂಗೆ?" ಕೊರಟಗೆರೆಯ ಕಡೆಯವರೊಬ್ಬರು ಹಿಂದಿನಿಂದ ಕೂಗಿದರು. "ಇಬ್ರೇ ಇದ್ರೂ ದನ ಇರಾಕಿಲ್ವಾ? ದನ ನೀರ್ ಕುಡಿಯಾಕಿಲ್ವಾ?"

"ದನಕ್ಕೂ ತಲೆ ಐತಲ್ಲ, ಎಣುಸ್ರಿ!" ಎಂದರು ಅಮ್ಮ, ಮೈಕಿನ ಹಂಗಿಲ್ಲದೆ.

ಸಭೆ ಹೋ ಎಂದಿತು. ವಿದ್ಯಾರ್ಥಿಗಳು ಎರಡು ಪಕ್ಷವಾದರು. ಸಿರಾದ ಹುಡುಗಿಯೊಬ್ಬಳು ಬೆಂಚಿನ ಮೇಲೆ ನಿಂತು, ನೀರು ಹೊರುವವರು ಹೆಂಗಸರು, ಮೊದಲು ಅವರನ್ನು ಕೇಳಿ ಎಂದಳು. ಪ್ರಾಂಶುಪಾಲರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದುಕೊಂಡು ಎರಡು ಸಲ ಎದ್ದು ಎರಡು ಸಲ ಕೂತರು. ಮೂರನೆಯ ಸಲ ಹಾರವನ್ನು ಮೇಜಿನ ಮೇಲಿಟ್ಟು, "ಅಲ್ರೀ, ನನ್ನ ಮಾತೂ ಸ್ವಲ್ಪ ಕೇಳಿ, ನಮ್ಮ ಬೀದೀಲಿ ಏನಾಗುತ್ತೆ ಅಂದ್ರೆ..." ಎಂದು ತಾವೇ ಮೈಕು ಹಿಡಿದುಕೊಂಡರು.

ನಾನು ವೇದಿಕೆ ಇಳಿದು, ಅಪ್ಪನ ಪಕ್ಕ ಜಾಗ ಮಾಡಿಸಿಕೊಂಡು ಕೂತೆ.