ಸಂಜೆಯ ಮಾತ್ರೆ

ಹಿಂದೂಪುರದ ನಮ್ಮ ಮನೆಯ ಮಗ್ಗ ಇಬ್ಬರ ಮಗ್ಗ. ಸೀರೆಯ ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ. ಎರಡೂ ಸೇರುವ ಕಡೆ ಎಳೆಗೆ ಎಳೆ ಕೊಂಡಿ ಹಾಕಿಕೊಳ್ಳಬೇಕಾದರೆ ಒಬ್ಬನ ಕೈ ಸಾಲದು. ಎಡಕ್ಕೆ ಅಣ್ಣ, ಬಲಕ್ಕೆ ನಾನು. ಕಾಲುಗಳು ಕುಣಿಯೊಳಗೆ, ಹಲಗೆಯ ಮೇಲೆ ಭುಜಕ್ಕೆ ಭುಜ ತಾಗುವಂತೆ ಕೂರುವುದು. ಅವನು ಕೆಮ್ಮಿದರೆ ನನ್ನ ಕೆನ್ನೆಗೆ ಗಾಳಿ ತಗಲುತ್ತಿತ್ತು. ಕೊರೊನಾ ಬರುವವರೆಗೆ ಆ ಹತ್ತಿರದ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ.

ಅದಕ್ಕೂ ಕೆಲವು ವರ್ಷ ಮೊದಲು ಬೆಂಗಳೂರಿನಲ್ಲಿ ಅಣ್ಣನಿಗೆ ಕಿಡ್ನಿ ಕಸಿ ಆಗಿತ್ತು. ಕಿಡ್ನಿ ಕೊಟ್ಟವಳು ನನ್ನ ಅಕ್ಕ, ಅಂದರೆ ಅವನ ತಂಗಿ. ಕಲ್ಯಾಣದುರ್ಗದ ಹೊರಗೆ ಕಡಲೆಕಾಯಿ ಹೊಲದ ನಡುವೆ ಅವಳ ಮನೆ. ಇನ್ನೊಬ್ಬರ ಅಂಗವನ್ನು ದೇಹ ತನ್ನದಲ್ಲವೆಂದು ತಳ್ಳಿಬಿಡದ ಹಾಗೆ ಅಣ್ಣ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನುಂಗಬೇಕಿತ್ತು, ಬದುಕಿರುವವರೆಗೆ. ಆ ಮಾತ್ರೆ ದೇಹದ ಕಾವಲನ್ನು ತಗ್ಗಿಸುತ್ತದೆ. ತಗ್ಗಿದರೇ ಕಿಡ್ನಿ ಉಳಿಯುವುದು. ತಗ್ಗಿದ ಮೇಲೆ ಬೇರೆ ರೋಗ ಬಂದರೆ ತಡೆಯುವ ಬಲವೂ ಕಡಿಮೆ. ಹಾಗಾಗಿ ಊರಲ್ಲಿ ಕಾಯಿಲೆ ಹೆಚ್ಚಿದಾಗ ಅಕ್ಕ ಒಂದು ಬಾಡಿಗೆ ಕಾರು ಮಾಡಿಕೊಂಡು ಬಂದು ಅವನನ್ನು ತನ್ನ ಹೊಲದ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಜನರ ಓಡಾಟ ಇರಲಿಲ್ಲ. ನಾನು ಮಗ್ಗದ ಬಲಗಡೆ ಕೂತು, ಒಬ್ಬನೇ ನೇಯಬಹುದಾದ ಸಾದಾ ಸೀರೆ ನೇಯತೊಡಗಿದೆ. ಎಡಗಡೆಯ ಹಲಗೆಯ ಮೇಲೆ ಏನನ್ನೂ ಇಡಲಿಲ್ಲ.

ಲಸಿಕೆ ಬಂದಾಗ ಅಣ್ಣ ಕಲ್ಯಾಣದುರ್ಗದಲ್ಲೇ ಎರಡು ಡೋಸ್ ಹಾಕಿಸಿಕೊಂಡ. ಇನ್ನು ವಾಪಸು ಬರಬಹುದು ಅಂದುಕೊಂಡೆವು. ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ಒಂದು ಸಂಶೋಧನೆಯವರು ಅವನ ಹೆಸರು ಸೇರಿಸಿಕೊಂಡರು. ಅದನ್ನು ನಮಗೆ ವಿವರಿಸಿದವರು ಅನಂತಪುರದಿಂದ ಜೀಪಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ಲಸಿಕೆಯಿಂದ ಯಾರಿಗೆ ಎಷ್ಟು ರಕ್ಷಣೆ ಬರುತ್ತದೆ, ಎಷ್ಟು ಕಾಲ ನಿಲ್ಲುತ್ತದೆ ಎಂದು ದೇಶದ ಬೇರೆ ಬೇರೆ ಕಡೆಯ ಪ್ರಯೋಗಾಲಯಗಳು ತಮ್ಮ ತಮ್ಮ ಪಾಡಿಗೆ ನೋಡುತ್ತಿದ್ದವಂತೆ. ಈಗ ಎಲ್ಲವನ್ನೂ ಒಂದೇ ಕೆಲಸಕ್ಕೆ ಜೋಡಿಸಿದ್ದಾರೆ. ಎಲ್ಲ ಕಡೆಯೂ ಒಂದೇ ರೀತಿ ರಕ್ತ ತೆಗೆಯುವುದು, ಅವೇ ಪ್ರಶ್ನೆ ಕೇಳುವುದು, ಕೇಳುವ ಮಾತು ಕೂಡ ಬದಲಾಗದ ಹಾಗೆ. ಹಾಗಿದ್ದರೆ ಮಾತ್ರ ಇಲ್ಲಿಯ ಉತ್ತರವನ್ನು ಅಸ್ಸಾಮಿನ ಉತ್ತರದ ಪಕ್ಕ ಇಟ್ಟು ನೋಡಬಹುದು. ಕಸಿ ಆದವರ ವಿಷಯ ಇನ್ನೂ ಸರಿಯಾಗಿ ಗೊತ್ತಿಲ್ಲವಾದ್ದರಿಂದ ಅಣ್ಣನಂಥವರು ಬೇಕಾಗಿದ್ದರು.

ಮೊದಲ ಸಲ ತೆಗೆದ ರಕ್ತದ ಉತ್ತರ ಬಂತು. ಎರಡು ಡೋಸ್ ಆದ ಮೇಲೂ ಅಣ್ಣನ ರಕ್ತದಲ್ಲಿ ಲಸಿಕೆಯಿಂದ ಹುಟ್ಟಬೇಕಾದ ರಕ್ಷಣೆಯ ಗುರುತೇ ಇರಲಿಲ್ಲ. ಅವನು ಹಿಂದೂಪುರಕ್ಕೆ ಬರುವುದು ಬೇಡ ಎಂದು ಅಕ್ಕ ಖಡಾಖಂಡಿತ ಹೇಳಿದಳು. ಅಣ್ಣ ಅವತ್ತು ಊಟ ಮಾಡಲಿಲ್ಲವಂತೆ. ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು, ಮಗ್ಗದ ನನ್ನ ಕಡೆಗೆ ಗೆದ್ದಲು ಹಿಡಿದಿಲ್ಲ ತಾನೇ ಎಂದು.

ಮುಂದೆ ಮೂರನೆಯ ಡೋಸ್ ಸಿಕ್ಕಿತು. ಅದಾಗಿ ಕೆಲವು ವಾರಕ್ಕೆ ರಕ್ತ ಕೊಡುವ ದಿನ ನಾನೂ ಅಲ್ಲಿದ್ದೆ. ಹಿಂದೂಪುರದಿಂದ ಅಕ್ಕನಿಗೆ ಹೊಸ ಹುಣಸೆಹಣ್ಣು ತೆಗೆದುಕೊಂಡು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋಗಿದ್ದೆ. ಅಂಗಳದ ಬೇವಿನ ಮರದ ಕೆಳಗೆ ಅಣ್ಣ ಕುರ್ಚಿಯಲ್ಲಿ ಕೂತಿದ್ದ. ನಾನು ಮಾಸ್ಕ್ ಹಾಕಿಕೊಂಡು ದೂರದ ಕಲ್ಲಿನ ಮೇಲೆ. ಅಕ್ಕ ಬಾಗಿಲಲ್ಲಿ ಕೂತು ಹುಣಸೆಯ ಬೀಜ ಬಿಡಿಸುತ್ತಿದ್ದಳು.

ಡಾಕ್ಟರಮ್ಮ ತೆಲುಗಿನಲ್ಲಿ ಎಂದಿನ ಪ್ರಶ್ನೆಗಳನ್ನು ಎಂದಿನ ಸಾಲಿನಲ್ಲಿ ಕೇಳಿದರು. ವಯಸ್ಸೆಷ್ಟು ಎನ್ನುವುದರಿಂದ ಶುರು. ಪ್ರತಿ ಸಲವೂ ಅದನ್ನೇ ಕೇಳುತ್ತೀರಲ್ಲ, ನಾನೇನು ಚಿಕ್ಕವನಾಗಿದ್ದೀನಾ ಎಂದು ಅಣ್ಣ ನಗಿಸಿದ. ಜ್ವರ ಬಂದಿತ್ತೇ, ಊರು ಬಿಟ್ಟು ಹೋಗಿದ್ದಿರೇ ಎಂದೆಲ್ಲ ಆದ ಮೇಲೆ, ಮಾತ್ರೆ ಯಾವುದನ್ನಾದರೂ ತಪ್ಪಿಸಿದಿರೇ ಎಂದು ಕೇಳಿದರು. ಹಿಂದಿನ ಸಲಗಳಲ್ಲಿ ಇದಕ್ಕೆ ಅವನು ಇಲ್ಲವೆಂದು ತಲೆ ಅಲ್ಲಾಡಿಸಿ ಮುಂದಿನದಕ್ಕೆ ಹೋಗಿದ್ದನಂತೆ. ಈ ಸಲ ನೆಟ್ಟಗೆ ಕೂತ. ಖುಷಿಯಾದಾಗ ಅವನ ತೆಲುಗು ಕನ್ನಡಕ್ಕೆ ಜಾರುತ್ತದೆ.

"ತಪ್ಪಿಸ್ಲಿಲ್ಲಮ್ಮ, ನಾನೇ ನಿಲ್ಲಿಸ್ದೆ. ಸೂಜಿ ಹಾಕಿಸ್ಕೊಂಡ ಮೇಲೆ ಒಂದು ವಾರ, ಸಂಜೆ ಮಾತ್ರೆ ಮುಟ್ಲಿಲ್ಲ. ಈ ಸಲ ನೋಡು, ಗುರುತು ಬಂದೇ ಇರ್ತದೆ."

ಶಭಾಷ್ ಎನ್ನುತ್ತಾರೆಂದು ಅವನು ಕಾದಂತಿತ್ತು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಅವರಿಗೆ ಕನ್ನಡ ಪೂರ್ತಿ ಅರ್ಥವಾಗಲಿಲ್ಲವೇನೋ ಎಂದು ಅಣ್ಣ ಮತ್ತೆ ತೆಲುಗಿನಲ್ಲಿ ಬಿಡಿಸಿ ಹೇಳಿದ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದರೆ, ಹೊಸ ಎಳೆ ಕಟ್ಟುವ ಮೊದಲು ಹಾಸಿನ ಬಿಗಿಯನ್ನು ಸ್ವಲ್ಪ ಸಡಿಲ ಬಿಡುತ್ತೇವೆ, ಬಿಗಿಯಲ್ಲಿ ಕಟ್ಟಿದ ಗಂಟು ನಿಲ್ಲುವುದಿಲ್ಲ. ಮಾತ್ರೆ ಅಂದರೆ ಬಿಗಿ, ಲಸಿಕೆ ಅಂದರೆ ಹೊಸ ಎಳೆ. ಒಂದು ವಾರ ಸಡಿಲ ಬಿಟ್ಟು, ಗಂಟು ಕೂತ ಮೇಲೆ ಮತ್ತೆ ಬಿಗಿ ಮಾಡಿದ್ದೇನೆ. ಇದರಲ್ಲಿ ತಪ್ಪೇನು?

ಕೇಳುವಾಗ ನನಗೂ ಅದು ಸರಿಯೆಂದೇ ಅನ್ನಿಸಿತು. ಆಮೇಲೆ ಅಕ್ಕನ ಕಡೆ ನೋಡಿದೆ. ಹುಣಸೆಯ ನಾರು ಅಂಟಿದ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡೇ ಎದ್ದು ನಿಂತಿದ್ದಳು. ಆಗ ನನಗೆ ಕಿಡ್ನಿಯ ನೆನಪಾಯಿತು.

ಡಾಕ್ಟರಮ್ಮ ಬೈಯಲಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ, ಕಾಲು ಊದಿತ್ತೇ, ಮೂತ್ರ ಕಡಿಮೆಯಾಗಿತ್ತೇ ಎಂದು ಒಂದೊಂದಾಗಿ ಕೇಳಿ, ಬೆಂಗಳೂರಿನ ಕಿಡ್ನಿ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಕಿಡ್ನಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಇವತ್ತೇ ಗೊತ್ತಾಗಬೇಕು ಎಂದರಂತೆ. ಮಾಮೂಲಿ ರಕ್ತದ ಜೊತೆ ಇನ್ನೊಂದು ಕೊಳವೆ ರಕ್ತ ತೆಗೆದುಕೊಂಡು, ನಮ್ಮನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕಲ್ಯಾಣದುರ್ಗದ ಒಂದು ಲ್ಯಾಬಿಗೆ ಹೋದರು.

ಲ್ಯಾಬಿನ ಹೊರಗೆ ಒಂದು ಬೆಂಚು. ಅಕ್ಕ ಒಂದು ತುದಿಯಲ್ಲಿ, ಅಣ್ಣ ಇನ್ನೊಂದು ತುದಿಯಲ್ಲಿ. ನಾನು ಎದುರಿಗೆ ನಿಂತಿದ್ದೆ. ಅಕ್ಕ ಕೈ ತೊಳೆದಿರಲಿಲ್ಲ. ಅಣ್ಣನೇ ಮಾತು ತೆಗೆದ.

"ಬೈಯಮ್ಮ. ಸುಮ್ಕೆ ಕೂತ್ಕೋಬ್ಯಾಡ."

"ನಿನ್ನ ಬೈದು ನಾನೇನ್ ಮಾಡ್ಲಿ? ಅದು ನಿಂದಲ್ಲ ಕಣಣ್ಣ, ನಂದು. ನಿನ್ ತಾವ ಇರ್ಲಿ ಅಂತ ಬಿಟ್ಟಿದ್ದೀನಿ."

ಅಣ್ಣನ ಕೈ ತಾನಾಗಿ ಹೊಟ್ಟೆಯ ಬಲಗಡೆಗೆ, ಹೊಲಿಗೆಯ ಗುರುತು ಇರುವ ಜಾಗಕ್ಕೆ ಹೋಯಿತು. ಇಲ್ಲಿಂದ ಹೋಗೋಣ, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯೋಣ ಎಂದೆಲ್ಲ ನಾನು ಏನೇನೋ ಹೇಳಿದೆ. ಯಾರೂ ಏಳಲಿಲ್ಲ.

ಡಾಕ್ಟರಮ್ಮ ಕಾಗದ ಹಿಡಿದುಕೊಂಡು ಹೊರಗೆ ಬಂದಾಗ ನಾನು ಅವರ ಮುಖ ನೋಡುವ ಧೈರ್ಯ ಮಾಡದೆ ಚಪ್ಪಲಿ ನೋಡುತ್ತಿದ್ದೆ. "ಏಮೀ ಕಾಲೇದಂಡಿ" ಎಂದರು. ಏನೂ ಆಗಿಲ್ಲ. ಕಿಡ್ನಿ ಮೊದಲಿನ ಹಾಗೇ ಇದೆ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹುಣಸೆ ಮೆತ್ತಿದ ಕೈಯಲ್ಲಿ ಹಿಡಿದ ಸೆರಗು ಬಿಡಿಸಿಕೊಳ್ಳಲು ಬರದೆ ಹಾಗೇ ಅಂಟಿಕೊಂಡಿತು. ಅಣ್ಣ ನಕ್ಕ, ಅವಳೂ ನಕ್ಕಳು, ಅಳುತ್ತಲೇ.

ಅದಾದ ಮೇಲೆ ಡಾಕ್ಟರಮ್ಮ ಅಣ್ಣನ ಎದುರಿಗೆ ಕೂತು ನಿಧಾನವಾಗಿ ಹೇಳಿದರು. ಅವನ ಯೋಚನೆ ಹುಚ್ಚು ಯೋಚನೆಯಲ್ಲ. ಮಾತ್ರೆಯನ್ನು ಸ್ವಲ್ಪ ಕಾಲ ತಗ್ಗಿಸಿದರೆ ಲಸಿಕೆ ಚೆನ್ನಾಗಿ ಹಿಡಿಯುವುದೇ ಎಂದು ಡಾಕ್ಟರುಗಳೂ ಕೇಳಿಕೊಳ್ಳುತ್ತಾರೆ. ಆದರೆ ಪಕ್ಕದಲ್ಲಿ ಡಾಕ್ಟರಿದ್ದು, ಆಗಾಗ ರಕ್ತ ನೋಡುತ್ತಾ ಮಾತ್ರ. ಮಗ್ಗದಲ್ಲಿ ಗಂಟು ಬಿಚ್ಚಿಕೊಂಡರೆ ಮತ್ತೆ ಕಟ್ಟಬಹುದು, ಇದನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಹಾಗಾದರೆ ಇವತ್ತು ಕೊಟ್ಟ ರಕ್ತ ದಂಡವಾಯಿತೇ ಎಂದು ನಾನು ಕೇಳಿದೆ. ಇಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇವೆ, ಬರೆಯದಿದ್ದರೆ ಮಾತ್ರ ದಂಡ ಎಂದರು.

"ಹಂಗಾದ್ರೆ ನಾನು ಹೇಳ್ಬುಟ್ಟಿದ್ದೇ ಒಳ್ಳೇದಾಯ್ತಲ್ಲ" ಅಂದ ಅಣ್ಣ.

"ಹೇಳಿದ್ದು ಒಳ್ಳೇದಾಯ್ತು ಕಣಣ್ಣ. ಮಾಡಿದ್ದಲ್ಲ" ಅಂದಳು ಅಕ್ಕ.

ಒಂದು ವಾರ ಬಿಟ್ಟು ಮತ್ತೆ ನೋಡಿದಾಗಲೂ ಕಿಡ್ನಿ ಸರಿಯಿತ್ತು. ಸಂಶೋಧನೆಯ ಉತ್ತರ ಬರಲು ಇನ್ನೂ ಕೆಲವು ವಾರ ಹಿಡಿಯಿತು. ನಾನು ಹಿಂದೂಪುರದಲ್ಲಿ ಲಾಳಿಗೆ ನೂಲು ಹಾಕುತ್ತಿದ್ದಾಗ ಅಕ್ಕನ ಫೋನ್ ಬಂತು. ಈ ಸಲ ಗುರುತು ಸಿಕ್ಕಿದೆ, ತುಂಬ ಅಲ್ಲ, ಆದರೆ ಇದೆ. ಕಾಯಿಲೆ ಬರುವುದೇ ಇಲ್ಲವೆಂದು ಅಲ್ಲ, ಬಂದರೆ ಎದುರು ನಿಲ್ಲಲು ಏನೋ ಒಂದು ಇದೆ ಎಂದರ್ಥ. ಮೂರನೆಯ ಡೋಸಿನಿಂದ ಬಂತೋ, ಮಾತ್ರೆ ಬಿಟ್ಟಿದ್ದರಿಂದ ಬಂತೋ ಎಂದು ಅಣ್ಣ ಕೇಳಿಯೇ ಕೇಳಿದನಂತೆ. ಒಬ್ಬ ಮನುಷ್ಯನನ್ನು ನೋಡಿ ಅದನ್ನು ಹೇಳಲಾಗದು, ಅದಕ್ಕೇ ಇಷ್ಟು ಜನರನ್ನು ಕೇಳುತ್ತಿರುವುದು, ನೀವು ಮಾತ್ರ ಊರಲ್ಲಿ ಯಾರಿಗೂ ಹಾಗೆ ಮಾಡಿ ಅಂತ ಹೇಳಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದರಂತೆ. ನಾನೂ ಇಲ್ಲಿ ಅದನ್ನೇ ಹೇಳುತ್ತಿದ್ದೇನೆ.

ಕಿಡ್ನಿ ಡಾಕ್ಟರು ಒಪ್ಪಿದ ಮೇಲೆ ಅಣ್ಣ ಮನೆಗೆ ಬಂದ. ಮಗ್ಗದ ಕೋಣೆಯ ಎರಡೂ ಕಿಟಕಿ ತೆಗೆದಿಟ್ಟೆ. ಇಬ್ಬರೂ ಮಾಸ್ಕ್ ಹಾಕಿಕೊಂಡು ಕೂತೆವು. ಇಷ್ಟು ದಿನ ಒಬ್ಬನೇ ಕೂತು ನಾನು ಅರಿವಿಲ್ಲದೆ ಹಲಗೆಯ ನಡುವಿಗೆ ಸರಿದುಬಿಟ್ಟಿದ್ದೆ. "ಜರುಗ್ಲಾ ಅತ್ಲಾಗೆ" ಎಂದು ಅವನು ಭುಜದಿಂದ ತಳ್ಳಿದ. ಎರಡು ಬಣ್ಣದ ಎಳೆಗಳು ಮೊದಲ ಸಾಲಿನಲ್ಲೇ ಸರಿಯಾಗಿ ಕೊಂಡಿ ಹಾಕಿಕೊಂಡವು.

ಈಗಲೂ ದಿನಾ ಸಂಜೆ ಅಕ್ಕನ ಫೋನ್ ಬರುತ್ತದೆ. ಅಣ್ಣ ಲಾಳಿ ಬಿಟ್ಟು, ಸ್ಪೀಕರ್ ಹಾಕಿ ಫೋನನ್ನು ಬಟ್ಟೆ ಸುತ್ತುವ ಮರದ ಮೇಲಿಟ್ಟು, ಮಾತ್ರೆ ಬಿಡಿಸುತ್ತಾನೆ. ಅಕ್ಕ ಆ ಕಡೆ ಕಿವಿಗೊಟ್ಟಿರುತ್ತಾಳೆ. ಅವನು ನೀರು ಕುಡಿಯುವ ಸದ್ದು ಕೇಳಿದ ಮೇಲೆ, "ಹೆಂಗೈತೆ ನಂದು?" ಅನ್ನುತ್ತಾಳೆ. "ಸಂದಾಕೈತೆ ಕಣಮ್ಮ" ಅನ್ನುತ್ತಾನೆ ಅವನು. ಫೋನ್ ಇಟ್ಟ ಮೇಲೆ ನಾನು ನನ್ನ ಕಡೆಯ ಲಾಳಿ ತಳ್ಳುತ್ತೇನೆ.