ಮೀನಿನ ಮುದ್ರೆಯ ಬಂದೂಕು

ಸೇಂಟ್ ಲೂಯಿಸ್‌ನ ಬಂದೂಕುಗಾರರ ಓಣಿಯಲ್ಲಿ ಗಾಟ್‌ಫ್ರೀಡ್ ಲೆಂಬ್ಕೆಯದು ಒಂದೇ ಕೆಲಸ, ನಳಿಗೆಯ ಡೊಂಕು ತಿದ್ದುವುದು. ಹಿಂಬದಿ ಮುಚ್ಚುವ ಮೊದಲು ನಳಿಗೆಯನ್ನು ಕಿಟಕಿಗೆ ಹಿಡಿದು ಒಳಗೆ ನೋಡಬೇಕು. ಕಿಟಕಿ ಚೌಕಟ್ಟಿನ ನೆರಳು ಒಳಗೆ ಗೆರೆಯಾಗಿ ಬೀಳುತ್ತದೆ. ಗೆರೆ ಬಾಗಿದ ಕಡೆ ಸುತ್ತಿಗೆಯ ಒಂದು ಏಟು. ನೆಟ್ಟಗಾದ ಮೇಲೆ ನಳಿಗೆಯ ಪಕ್ಕಕ್ಕೆ ಪುಟ್ಟ ಮೀನಿನ ಮುದ್ರೆ. ಇಪ್ಪತ್ತಾರು ವರ್ಷದಲ್ಲಿ ಆ ಮೀನಿಗೆ ಎಂಥ ಹೆಸರು ಬಂದಿತ್ತೆಂದರೆ, ಪಶ್ಚಿಮದ ಬಯಲಿಗೆ ಹೊರಟವರು ಅದಿರುವ ಬಂದೂಕನ್ನು ಒಂದು ಸಲವೂ ಹಾರಿಸಿ ನೋಡದೆ ಒಯ್ಯುತ್ತಿದ್ದರು. ನೋಡಿದರೆ ಮುದುಕನಿಗೆ ಅವಮಾನ ಎಂದು ಓಣಿಯೆಲ್ಲ ನಂಬಿತ್ತು. ಮುದುಕನೂ ನಂಬಿದ್ದ, ಅದೇ ಅವನ ಕರ್ಮ.

ಈ ಚಳಿಗಾಲದಲ್ಲಿ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಗೆರೆ ಕಾಣದಾಯಿತು. ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಅಭ್ಯಾಸದ ಮೇಲೆ ಕಿಟಕಿಗೆ ಹಿಡಿದ, ಅಂದಾಜಿನ ಮೇಲೆ ಹೊಡೆದ, ಮೀನು ಒತ್ತಿದ. ಲೆಂಬ್ಕೆಗೆ ಕುರುಡಂತೆ ಎಂದು ನಾಲ್ಕು ಜನ ಆಡಿಕೊಂಡಾರು ಎಂಬುದೇ ಅವನ ಹೆದರಿಕೆ.

ಏಪ್ರಿಲ್‌ನಲ್ಲಿ ಮಗಳು ಲಾಟ್ಟೆ, ಅಳಿಯ ಏಸಾ ಓರೆಗಾನಿಗೆ ಹೊರಟರು. ಅವಳು ಐದು ತಿಂಗಳ ಬಸುರಿ. ಹೊರಡುವ ಬೆಳಿಗ್ಗೆ ನದಿಯ ಬಂದರಿನಲ್ಲಿ, ಹೊಗೆದೋಣಿಯ ಪಕ್ಕ, ಏಸಾ ಹೊಸ ಬಂದೂಕನ್ನು ಮಾವನ ಕೈಗಿಟ್ಟ.

"ನಿಮಗೆ ಹೇಳ್ದೆ ತಗೊಂಡೆ ಮಾವ. ಮುಟ್ಟಿ ನೋಡಿ, ಯಾರ್ದು ಅಂತ ಗೊತ್ತಾಗತ್ತೆ."

ಲೆಂಬ್ಕೆಯ ಬೆರಳಿಗೆ ಮೀನು ಸಿಕ್ಕಿತು.

"ಯಾವಾಗಿಂದು?"

"ಹೋದ ತಿಂಗಳು ಮಾಡಿದ್ದಂತೆ."

"ಒಂದು ಗುಂಡು ಹಾರಿಸಿ ನೋಡು."

ಏಸಾ ನಕ್ಕ. "ನಿಮ್ಮೆದುರಿಗಾ? ಮಾವನ್ನ ನಂಬದ ಅಳಿಯ ಅಂತ ಊರೆಲ್ಲ ಉಗೀತಾರೆ."

"ಹಾರಿಸೋ ಅಂದ್ರೆ ಹಾರಿಸು. ನಂಗೆ ಗೆರೆ ಕಾಣಲ್ಲ ಕಣೋ. ಕ್ರಿಸ್‌ಮಸ್‌ನಿಂದ ಕಾಣ್ತಿಲ್ಲ."

ಏಸಾನ ನಗು ಅಲ್ಲಿಗೇ ನಿಂತಿತು. ಮದ್ದು ಸುರಿದ, ಗುಂಡು ಇಟ್ಟ, ಗಜದ ಕೋಲಿನಿಂದ ನಳಿಗೆಯ ತಳದವರೆಗೆ ಒತ್ತಿದ. ದೂರದ ಮರಳದಿಣ್ಣೆಯ ಮೇಲೆ ನದಿ ತಂದು ಹಾಕಿದ್ದ ಮರದ ದಿಮ್ಮಿಗೆ ಗುರಿಯಿಟ್ಟ. ಮೂರು ಸಲ ಹೊಡೆದ. ಮೂರೂ ದಿಮ್ಮಿಯ ಬಲಕ್ಕೆ ಮರಳೆಬ್ಬಿಸಿದವು.

"ಅಪ್ಪ," ಎಂದಳು ಲಾಟ್ಟೆ, "ಇದನ್ನ ನಂಬ್ಕೊಂಡು ನಾವು ಎರಡು ಸಾವಿರ ಮೈಲಿ ಹೋಗ್ತಿದ್ವಲ್ಲ."

ಲೆಂಬ್ಕೆಗೆ ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು. ಆದರೆ ಸಾಯಲು ಹೊತ್ತಿರಲಿಲ್ಲ, ದೋಣಿಯ ಮೊದಲ ಗಂಟೆ ಆಗಲೇ ಹೊಡೆದಿತ್ತು. ಜೇಬಿನಿಂದ ಸುತ್ತಿಗೆ ತೆಗೆದು ಮಗಳಿಗೆ ಕೊಟ್ಟ.

"ತುದೀಲಿರೋ ಗುರಿಮೊಳೇನ ಬಲಕ್ಕೆ ಸರಿಸು. ಕೂದಲೆಳೆಯಷ್ಟು. ನಳಿಗೆ ನೆಟ್ಟಗಾಗಲ್ಲ, ಗುರಿಯಾದ್ರೂ ಕೂಡತ್ತೆ."

ಚಿಕ್ಕಂದಿನಲ್ಲಿ ಅವನ ಪಕ್ಕದಲ್ಲೇ ಕೂತು ಬೆಳೆದವಳು. ಅವಳ ಕೈ ತಪ್ಪಲಿಲ್ಲ. ನಾಲ್ಕನೇ ಗುಂಡು ದಿಮ್ಮಿಗೆ ಬಡಿದ ಸದ್ದು ಲೆಂಬ್ಕೆಗೂ ಕೇಳಿಸಿತು. ಏಸಾ ಅವನ ಹೆಗಲ ಮೇಲೆ ಕೈಯಿಟ್ಟ. ಮುದುಕ ಕೈ ಸರಿಸಿದ.

"ಲಾಟ್ಟೆ, ದೋಣಿ ಮೇಲೆ ಮೀನಿನ ಬಂದೂಕು ಇನ್ನೆಷ್ಟಿವೆ, ನೋಡ್ಕೊಂಡು ಬಾರೇ."

ಅವಳು ಹಲಗೆ ಹತ್ತಿ ಹೋಗಿ ಬಂದಳು. "ಒಂಬತ್ತು ಅಪ್ಪ."

ಇಪ್ಪತ್ತಾರು ವರ್ಷ ಕಾಪಾಡಿದ ಮಾನವನ್ನು ಲೆಂಬ್ಕೆ ಆ ಹಲಗೆಯ ಈಚೆಗೇ ಬಿಟ್ಟು ಹತ್ತಿದ. "ನಾನು ಲೆಂಬ್ಕೆ," ಎಂದು ಕೂಗಿದ. "ನಂಗೆ ಕಣ್ಣು ಕಾಣಲ್ಲ. ನಿಮ್ಮ ಬಂದೂಕು ಡೊಂಕಿರಬಹುದು. ದೋಣಿ ಬಿಡೋದ್ರೊಳಗೆ ಹಾರಿಸಿ ನೋಡಿ, ನನ್ನ ಮಗಳು ಸರಿ ಮಾಡ್ತಾಳೆ."

ಮೊದಲು ನಕ್ಕರು. ಆಮೇಲೆ ಒಬ್ಬ ಅವನ ಕಾಲ ಬಳಿ ಉಗಿದ. ಆಮೇಲೆ ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಬಂದವನ ಕೈಯಲ್ಲಿ ಬಂದೂಕೇ ಇರಲಿಲ್ಲ.

"ನಮ್ಮಣ್ಣ ಹೋದ ವಾರದ ದೋಣೀಲೇ ಹೋದ, ಮಕ್ಕಳನ್ನೂ ಕರ್ಕೊಂಡು," ಎಂದ. "ಅವನದೂ ಮೀನಿಂದೇ. ದಾರೀಲಿ ಹಾರಿಸಿ ನೋಡಿರ್ತಾನಾ ಯಜಮಾನ್ರೇ?"

ಲೆಂಬ್ಕೆ ಆ ದನಿಯ ಕಡೆ ತಿರುಗಿದ.

"ಇಲ್ಲಪ್ಪ," ಎಂದ. "ನೋಡಿರಲ್ಲ."